ಎಲೆ ಬಿಡದ ಸೂಡಿ: ಫಿನ್ಲೆಂಡಿನ ಸೌನಾಕ್ಕೆ ಬರ್ಚ್ ಸೊಪ್ಪು ಕಟ್ಟುವ ಬಗೆ

ನಾನು ಕಟ್ಟಿದ ಮೊದಲ ಬರ್ಚ್ ಮರದ ಸೊಪ್ಪಿನ ಕಟ್ಟು, ಫಿನ್ಲೆಂಡಿನವರು ಬೆವರಿಳಿಸಿ ಮೀಯುವ ಬಿಸಿಕೋಣೆಯಾದ ಸೌನಾದೊಳಗೆ, ಮೂರೇ ನಿಮಿಷ ಬಾಳಿತು. ಅಲ್ಲಿನ ವಾಡಿಕೆಯಂತೆ ಬೆನ್ನಿಗೆ ನಾಲ್ಕು ಸಲ ಬಡಿದುಕೊಂಡದ್ದೇ ತಡ, ಎಲೆಯೆಲ್ಲ ಕಳಚಿ ನನ್ನ ಬೆನ್ನಿಗೆ, ಗೆಳೆಯರ ಭುಜಕ್ಕೆ, ಮರದ ಗೋಡೆಗೆ ಅಂಟಿಕೊಂಡಿತು. ಕೈಯಲ್ಲಿ ಉಳಿದದ್ದು ಹಿಡಿಸೂಡಿಯಂಥ ಬೋಳು ಕಡ್ಡಿಗಳ ಕಂತೆ. ಕಟ್ಟು ಬಿಗಿಯಾಗಿಯೇ ಇತ್ತು, ಮರವೂ ಸರಿಯಾದದ್ದೇ. ತಪ್ಪಿದ್ದು ತಿಂಗಳು. ನಾನು ಸೊಪ್ಪು ಕೊಯ್ದದ್ದು ಆಗಸ್ಟ್ ಕೊನೆಯಲ್ಲಿ. ಮರುದಿನ ಆ ಬೋಳು ಕಂತೆಯನ್ನು ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಎಲೆ ಆಗಲೇ ಗಂಟುಮೂಟೆ ಕಟ್ಟಿಕೊಂಡು ಕೂತಿತ್ತು, ನೀನು ಬಾಗಿಲು ತೆಗೆದೆ ಅಷ್ಟೆ” ಅಂದರು.

ಆ ಮಾತು ಅರ್ಥವಾಗಲು ನನಗೆ ಮತ್ತೊಂದು ಬೇಸಿಗೆ ಬೇಕಾಯಿತು. ಸೌನಾ ಸೊಪ್ಪಿನ ಕಟ್ಟಿನ ವಿದ್ಯೆ ಗಂಟು ಹಾಕುವುದರಲ್ಲಿದೆ ಎಂದುಕೊಂಡಿದ್ದೆ. ಇರುವುದು ಎಲೆಯ ತೊಟ್ಟಿನಲ್ಲಿ. ತೊಟ್ಟು ಕಡ್ಡಿಯನ್ನು ಯಾವಾಗ ಗಟ್ಟಿಯಾಗಿ ಹಿಡಿದಿರುತ್ತದೆ, ಯಾವ ಮರದ ತೊಟ್ಟು ಬಿಸಿನೀರು ತಡೆಯುತ್ತದೆ, ಒಣಗಿದ ಮೇಲೂ ಯಾಕೆ ಉದುರುವುದಿಲ್ಲ ಎಂಬುದು ಗೊತ್ತಾದರೆ ಉಳಿದದ್ದು ಕೈಯಭ್ಯಾಸ.

ಮೊದಲು ಹೆಸರು. ಫಿನ್ಲೆಂಡಿನ ಪಶ್ಚಿಮದವರು ಇದನ್ನು ‘ವಿಹ್ತ’ ಎನ್ನುತ್ತಾರೆ. ಪೂರ್ವದ ಸವೊ, ಕರೇಲಿಯಾ ಕಡೆಯವರಿಗೆ ಇದು ‘ವಸ್ತ’. ಎರಡೂ ಸರಿಯೇ, ಆದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರ ಮಾತು ಆಡಿದರೆ ಒಂದು ಹತ್ತು ನಿಮಿಷದ ತಮಾಷೆಯ ಜಗಳ ಖಾಯಂ. ಮೈಸೂರಿನವರ ಪೊರಕೆ, ಧಾರವಾಡದವರ ಕಸಬರಿಗೆ, ನಮ್ಮ ಕರಾವಳಿಯ ಹಿಡಿಸೂಡಿ ಒಂದೇ ಹಾಸ್ಟೆಲ್ ರೂಮಿನಲ್ಲಿ ಸೇರಿದರೆ ಆಗುವಂಥದ್ದೇ. ನಾನಿರುವುದು ತಾಂಪೆರೆ ಹತ್ತಿರ, ಅಂದರೆ ವಿಹ್ತದ ಸೀಮೆ. ಹಾಗಾಗಿ ಇಲ್ಲಿ ವಿಹ್ತ ಎಂದೇ ಬರೆಯುತ್ತೇನೆ. ಮನಸ್ಸಿನೊಳಗೆ ಮಾತ್ರ ಅದು ನನಗೆ ‘ಸೂಡಿ’. ವೀಳ್ಯದೆಲೆಯನ್ನೂ ಸೂಡಿ ಲೆಕ್ಕದಲ್ಲಿ ಕೊಳ್ಳುವ ಊರಿನವನಿಗೆ ಇದಕ್ಕಿಂತ ಒಪ್ಪುವ ಪದ ಇನ್ನೊಂದಿಲ್ಲ.

ಸೌನಾ ಎಂದರೆ ಮರದ ಹಲಗೆ ಹೊದಿಸಿದ ಪುಟ್ಟ ಬಿಸಿಕೋಣೆ. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕಲ್ಲಿನ ರಾಶಿ. ಈ ಒಲೆಗೆ ‘ಕಿಯುವಸ್’ ಎಂದು ಹೆಸರು. ಎದುರಿಗೆ ಮೆಟ್ಟಿಲಿನಂತೆ ಮೇಲೇರುವ ಜಗಲಿ, ಎತ್ತರ ಕೂತಷ್ಟೂ ಕಾವು ಜಾಸ್ತಿ. ಕಾದ ಕಲ್ಲಿನ ಮೇಲೆ ಸೌಟಿನಲ್ಲಿ ನೀರು ಸುರಿದಾಗ ಏಳುವ ಹಬೆಗೆ ‘ಲೊಯ್ಲು’ ಎನ್ನುತ್ತಾರೆ. ಸುಮಾರು 55 ಲಕ್ಷ ಜನರಿರುವ ಈ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಹಳ್ಳಿಗಳಲ್ಲಿ ಹೆರಿಗೆ ಆಗುತ್ತಿದ್ದದ್ದೂ, ಸತ್ತವರ ಮೈ ತೊಳೆಯುತ್ತಿದ್ದದ್ದೂ ಸೌನಾದಲ್ಲೇ. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹೊಯ್ಯುವ ಬಚ್ಚಲಿನ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಡಿಯುವುದಲ್ಲ, ಬೀಸುವುದು

ನೋಡಿದವರಿಗೆ ಮೊದಲು ಅನಿಸುವುದು ‘ಇವರು ಸೊಪ್ಪಿನಿಂದ ಹೊಡೆದುಕೊಳ್ಳುವುದೇಕೆ?’ ಎಂದು. ಇದನ್ನು ಬಿಡಿಸದೆ ಕಟ್ಟುವ ವಿಷಯಕ್ಕೆ ಹೋಗುವಂತಿಲ್ಲ. ಯಾಕೆಂದರೆ ವಿಹ್ತ ಮಾಡಬೇಕಾದ ಕೆಲಸವೇ ಅದರ ಆಕಾರವನ್ನು ತೀರ್ಮಾನಿಸುತ್ತದೆ.

ಸೌನಾದ ಗಾಳಿ ಸಾಮಾನ್ಯವಾಗಿ 70ರಿಂದ 100 ಡಿಗ್ರಿ ಇರುತ್ತದೆ. 85 ಡಿಗ್ರಿಯ ನೀರಿಗೆ ಕೈ ಅದ್ದಿದರೆ ಬೊಬ್ಬೆ ಏಳುತ್ತದೆ, 85 ಡಿಗ್ರಿಯ ಗಾಳಿಯಲ್ಲಿ ಮಾತ್ರ ಹತ್ತು ನಿಮಿಷ ಹರಟುತ್ತ ಕೂರಬಹುದು. ಒಂದು ಕಾರಣ, ಗಾಳಿ ಹೊತ್ತು ತರುವ ಶಾಖವೇ ಕಡಿಮೆ. ಇನ್ನೊಂದು, ನಮ್ಮ ಮೈಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳು ಪದರ ನಿಂತಿರುತ್ತದೆ. ಮೈಯ ಸಂಗದಲ್ಲಿ ಅದು ಕೋಣೆಯ ಉಳಿದ ಗಾಳಿಗಿಂತ ತಣ್ಣಗಿರುತ್ತದೆ, ಒಂದು ಅಂಗಿಯ ಹಾಗೆ ನಮ್ಮನ್ನು ಕಾಯುತ್ತದೆ. ಸೊಪ್ಪು ಬೀಸಿದಾಗ ಆ ಅಂಗಿ ಕಳಚಿಹೋಗುತ್ತದೆ, ಬಿಸಿಗಾಳಿ ನೇರ ಚರ್ಮಕ್ಕೆ ಮುಟ್ಟುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ ಮನೆಯಲ್ಲಿ ಫ್ಯಾನ್ ಹಾಕಿದರೆ ತಂಪಿನ ಬದಲು ಬೆಂಕಿ ಉಗುಳಿದಂತಾಗುತ್ತದಲ್ಲ, ಅದೇ ಕಥೆ. ಗಾಳಿ ಮೈಗಿಂತ ತಣ್ಣಗಿದ್ದರೆ ಬೀಸಣಿಗೆ ತಂಪು, ಬಿಸಿಯಿದ್ದರೆ ಅದೇ ಬೀಸಣಿಗೆ ಕಾವು.

ಹಬೆಯದ್ದು ಇದಕ್ಕಿಂತ ಜೋರು. ಒಂದು ಗ್ರಾಂ ಕುದಿನೀರು 100 ಡಿಗ್ರಿಯಿಂದ 40ಕ್ಕೆ ಇಳಿಯುವಾಗ ಬಿಡುವ ಶಾಖ ಸುಮಾರು 250 ಜೂಲ್. ಅದೇ ಒಂದು ಗ್ರಾಂ ಹಬೆ ಮೈಮೇಲೆ ಕೂತು ನೀರಾಗುವಾಗ ಬಿಡುವುದು ಸುಮಾರು 2,400 ಜೂಲ್. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಂಡವರಿಗೆ ಈ ಲೆಕ್ಕ ಪುಸ್ತಕವಿಲ್ಲದೆಯೇ ಗೊತ್ತು. ಕಲ್ಲಿಗೆ ನೀರು ಸುರಿದಾಗ ಹಬೆ ಮೇಲೆದ್ದು ಸೂರಿನಡಿ ಸೇರುತ್ತದೆ. ವಿಹ್ತವನ್ನು ತಲೆಯ ಮೇಲೆತ್ತಿ ಒಮ್ಮೆ ಸುತ್ತಿಸಿ ಕೆಳಗಿಳಿಸಿದರೆ ಅಲ್ಲಿ ನಿಂತಿದ್ದ ಹಬೆ ಸೊಪ್ಪಿನೊಡನೆ ಇಳಿದು ಬೆನ್ನಿನ ಮೇಲೆ ಹನಿಯಾಗುತ್ತದೆ. ಹೊಡೆತದ ಬಲ ಇಲ್ಲಿ ಲೆಕ್ಕಕ್ಕಿಲ್ಲ. ಬಲ್ಲವರು ಬಡಿಯುವುದಿಲ್ಲ. ಬೀಸುತ್ತಾರೆ, ಒತ್ತುತ್ತಾರೆ, ಒಂದು ಕ್ಷಣ ಹಾಗೇ ಬಿಟ್ಟು ಎತ್ತುತ್ತಾರೆ. ಚರ್ಮ ಕೆಂಪಾಗುವುದು ಹೆಚ್ಚಾಗಿ ರಕ್ತ ಮೇಲ್ಪದರಕ್ಕೆ ನುಗ್ಗುವುದರಿಂದ, ಪೆಟ್ಟಿನಿಂದಲ್ಲ.

ಇಷ್ಟು ತಿಳಿದರೆ ಒಳ್ಳೆಯ ವಿಹ್ತ ಹೇಗಿರಬೇಕೆಂದು ತಾನಾಗಿ ಹೊಳೆಯುತ್ತದೆ. ಎಲೆ ಒತ್ತಾಗಿರಬೇಕು, ಇಲ್ಲದಿದ್ದರೆ ಗಾಳಿ ಸೋರಿಹೋಗುತ್ತದೆ. ಕಡ್ಡಿ ತೆಳುವಾಗಿ ಬಳುಕಬೇಕು, ಇಲ್ಲದಿದ್ದರೆ ಚುಚ್ಚುತ್ತದೆ. ಎಲೆ ಮೆತ್ತಗೆ ಮೈಗೆ ಕೂರಬೇಕು, ಆದರೆ ಅಲ್ಲೇ ಉಳಿಯಬಾರದು.

ತೊಟ್ಟಿನ ಲೆಕ್ಕ

ಫಿನ್ಲೆಂಡಿನಲ್ಲಿ ಬರ್ಚ್ ಮೇ ತಿಂಗಳಲ್ಲಿ ಚಿಗುರುತ್ತದೆ. ಚಿಗುರೆಲೆ ಅಂಟು ಅಂಟು, ಬಿಸಿನೀರಿಗೆ ಹಾಕಿದರೆ ಬೆಂದ ಸೊಪ್ಪಿನಂತೆ ಬಾಡಿ ಮೈಗೆ ಮೆತ್ತಿಕೊಳ್ಳುತ್ತದೆ. ಜೂನ್ ಕೊನೆಯ ಹೊತ್ತಿಗೆ ಎಲೆ ಪೂರ್ತಿ ಬಲಿತು ತೊಟ್ಟು ಗಟ್ಟಿಯಾಗುತ್ತದೆ. ಯುಹನ್ನುಸ್ ಎಂಬ ನಡುಬೇಸಿಗೆಯ ಹಬ್ಬ ಬರುವುದು ಆಗಲೇ, ಜೂನ್ 20ರಿಂದ 26ರೊಳಗಿನ ಶನಿವಾರ. ಆ ಹಬ್ಬದಿಂದ ಜುಲೈ ಕೊನೆಯವರೆಗಿನ ಐದಾರು ವಾರ ವಿಹ್ತ ಕಟ್ಟುವ ಕಾಲ. ಹಿಂದೆ ವರ್ಷಕ್ಕಾಗುವಷ್ಟನ್ನೂ ಆ ವಾರಗಳಲ್ಲೇ ಕಟ್ಟಿ ತೂಗುಹಾಕುತ್ತಿದ್ದರು. ಉಪ್ಪಿನಕಾಯಿಗೆ ಮಿಡಿಮಾವು ಬರುವ ವಾರಗಳಲ್ಲಿ ನಮ್ಮ ಮನೆಗಳಲ್ಲಿ ಏಳುತ್ತಿದ್ದ ಗಡಿಬಿಡಿಯಂತೆಯೇ.

ಆಗಸ್ಟಿನಲ್ಲಿ ಏನಾಗುತ್ತದೆ? ಹಗಲು ಕುಗ್ಗುತ್ತ ಬಂದಂತೆ ಮರ ಚಳಿಗಾಲಕ್ಕೆ ಸಿದ್ಧವಾಗುತ್ತದೆ. ತೊಟ್ಟು ಕಡ್ಡಿಗೆ ಸೇರುವ ಜಾಗದಲ್ಲಿ ಜೀವಕೋಶಗಳ ತೆಳು ಪದರವೊಂದು ಸಡಿಲವಾಗುತ್ತ ಹೋಗುತ್ತದೆ. ಅಂಚೆಚೀಟಿಗಳ ನಡುವಿನ ತೂತಿನ ಗೆರೆಯ ಹಾಗೆ, ಹರಿಯಬೇಕಾದ ಜಾಗವನ್ನು ಮರವೇ ಗುರುತು ಹಾಕಿಡುತ್ತದೆ. ಎಲೆ ಇನ್ನೂ ಹಸಿರಾಗಿಯೇ ಕಾಣುತ್ತದೆ, ನಾನು ಮೋಸಹೋದದ್ದು ಅಲ್ಲೇ. ಜೊತೆಗೆ ಬೇಸಿಗೆಯ ಕೊನೆಯಲ್ಲಿ ಬರ್ಚಿಗೆ ತುಕ್ಕುರೋಗ ಬರುವುದುಂಟು. ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಆ ಮರವನ್ನು ಬಿಟ್ಟುಬಿಡಿ, ಪುಡಿಯೆಲ್ಲ ಮೈಗೆ ಬರುತ್ತದೆ.

ಇಲ್ಲೊಂದು ಸೋಜಿಗವಿದೆ. ಮರದಲ್ಲೇ ಉಳಿದ ಎಲೆ ಅಕ್ಟೋಬರಿಗೆ ಉದುರುತ್ತದೆ, ಜುಲೈಯಲ್ಲಿ ಕೊಯ್ದು ಒಣಗಿಸಿದ ಕೊಂಬೆಯ ಎಲೆ ಮರುವರ್ಷದವರೆಗೂ ಅಂಟಿಕೊಂಡಿರುತ್ತದೆ. ಎಲೆ ಉದುರಿಸುವುದು ಮರ ಜೀವಂತವಿದ್ದು ಮಾಡುವ ಕೆಲಸ. ಆ ಪದರವನ್ನು ಸಡಿಲಿಸಲು ಜೀವ ಬೇಕು. ಕೊಂಬೆಯನ್ನು ಅದಕ್ಕೆ ಮೊದಲೇ ಕಡಿದುಬಿಟ್ಟರೆ ಎಲೆಯನ್ನು ಕಳಿಸಿಕೊಡುವವರೇ ಇಲ್ಲ, ಅದು ಇದ್ದಲ್ಲೇ ಒಣಗುತ್ತದೆ. ಮದುವೆ ಚಪ್ಪರಕ್ಕೆ ಕಟ್ಟಿದ ಮಾವಿನ ಟೊಂಗೆ ವಾರಗಟ್ಟಲೆ ಒಣಗಿ ಸುರುಟಿಕೊಂಡರೂ ಎಲೆ ಬಿಡದೆ ಸರಸರ ಸದ್ದು ಮಾಡುತ್ತಿದ್ದದ್ದು ನೆನಪಿದೆಯಲ್ಲ? ಕಾರಣ ಇದೇ.

ಆದ್ದರಿಂದ ಕತ್ತಿ ಹಚ್ಚುವ ಮೊದಲು ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಸುಲಭವಾಗಿ ಕೈಗೆ ಬಂದರೆ ಆ ಮರದ ಕಾಲ ಮುಗಿದಿದೆ.

ಯಾವ ಬರ್ಚ್, ಯಾರ ಬರ್ಚ್

ಬರ್ಚ್ ನಮಗೆ ತೀರಾ ಅಪರಿಚಿತವೇನಲ್ಲ. ಕಾಗದ ಬರುವ ಮುಂಚೆ ಕಾಶ್ಮೀರದ ಕಡೆ ಬರೆಯಲು ಬಳಸುತ್ತಿದ್ದ ಭೂರ್ಜಪತ್ರ ಹಿಮಾಲಯದ ಬರ್ಚಿನ ತೊಗಟೆ. ಭೂರ್ಜ ಮತ್ತು ಬರ್ಚ್ ಎರಡೂ ಒಂದೇ ಬೇರಿನಿಂದ ಒಡೆದ ಪದಗಳು. ಫಿನ್ನಿಷ್ ಬೇರೆ ಭಾಷಾಕುಟುಂಬದ್ದು, ಅಲ್ಲಿ ಈ ಮರ ‘ಕೊಯ್ವು’.

ಫಿನ್ಲೆಂಡಿನಲ್ಲಿ ಎತ್ತರವಾಗಿ ಬೆಳೆಯುವ ಬರ್ಚ್ ಎರಡು ಬಗೆ. ಒಂದು ರೌದುಸ್‌ಕೊಯ್ವು, ಬೆಳ್ಳಿ ತೊಗಟೆಯ, ತುದಿರೆಂಬೆಗಳು ಜಡೆಯಂತೆ ಇಳಿಬಿದ್ದ ಮರ. 1988ರಲ್ಲಿ ಇದನ್ನು ರಾಷ್ಟ್ರೀಯ ಮರವಾಗಿ ಆರಿಸಿದರು. ಇನ್ನೊಂದು ಹಿಯೆಸ್‌ಕೊಯ್ವು, ತೇವದ ನೆಲ, ಜೌಗುಗಳ ಅಂಚಿನಲ್ಲಿ ಹೆಚ್ಚು. ದೂರದಿಂದ ನೋಡಿದರೆ ಹೊಸಬರಿಗೆ ಎರಡೂ ಒಂದೇ. ಬೆರಳು ಮಾತ್ರ ಮೋಸಹೋಗುವುದಿಲ್ಲ. ಎಳೆ ಕಡ್ಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸವರಿದರೆ ರೌದುಸ್‌ಕೊಯ್ವು ಉಪ್ಪುಕಾಗದದಂತೆ ಒರಟು, ಅದರ ಮೇಲೆ ರಾಳದ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಹಿಯೆಸ್‌ಕೊಯ್ವಿನ ಕಡ್ಡಿ ನಯ, ಮೇಲೆ ಎಳೆಗೂಸಿನ ಕೆನ್ನೆಯಂಥ ನುಣುಪು ರೋಮ. ಎಲೆಯಲ್ಲೂ ವ್ಯತ್ಯಾಸವಿದೆ. ಮೊದಲನೆಯದರ ಎಲೆ ಚೂಪು ತುದಿಯದು, ಅಂಚಿನ ಹಲ್ಲಿನ ಮೇಲೆ ಮತ್ತೆ ಹಲ್ಲು. ಎರಡನೆಯದು ದುಂಡಗೆ, ಒಂದೇ ಸಾಲು ಹಲ್ಲು.

ಹೆಚ್ಚಿನವರು ರೌದುಸ್‌ಕೊಯ್ವನ್ನೇ ಆರಿಸುತ್ತಾರೆ. ಇಳಿಬಿದ್ದ ರೆಂಬೆ ಉದ್ದ, ತೆಳು, ಎಲೆಯೂ ನಿಲ್ಲುತ್ತದೆ. ಎರಡನೆಯದರ ಎಲೆಯ ಮೆತುವೇ ಬೇಕು ಎನ್ನುವವರೂ ಇದ್ದಾರೆ, ಅವರ ಜೊತೆ ವಾದಕ್ಕಿಳಿಯುವುದು ಬೇಡ. ನನ್ನ ಮಟ್ಟಿಗೆ, ಎರಡೂ ಸಿಗುವಲ್ಲಿ ಒರಟು ಕಡ್ಡಿಯದೇ ಸರಿ. ಗದ್ದೆಯಂಚಿನಲ್ಲಿ ಬಿಸಿಲು ಕಂಡು ಬೆಳೆದ ಮರದ ಕೆಳಗಿನ ರೆಂಬೆಗಳಲ್ಲಿ ಎಲೆ ಒತ್ತಾಗಿರುತ್ತದೆ. ಬೀಜದ ತೆನೆ ತೂಗುತ್ತಿರುವ ರೆಂಬೆ ಬೇಡ. ಆ ತೆನೆ ಬಿಸಿನೀರಲ್ಲಿ ಪುಡಿಯಾಗಿ ಬೆವರಿಗೆ ಅಂಟಿಕೊಂಡರೆ ಮೈಯೆಲ್ಲ ಹೊಟ್ಟು ಹಾರಿದ ಕಣದಂತಾಗುತ್ತದೆ.

ಇನ್ನು ಯಾರ ಮರ ಎಂಬ ಪ್ರಶ್ನೆ. ಫಿನ್ಲೆಂಡಿನಲ್ಲಿ ಯಾರು ಬೇಕಾದರೂ ಯಾರ ಕಾಡಿನಲ್ಲಾದರೂ ಓಡಾಡಬಹುದು, ಹಣ್ಣು ಅಣಬೆ ಕೊಯ್ಯಬಹುದು. ಈ ಹಕ್ಕನ್ನು ಇಲ್ಲಿನವರು ದೊಡ್ಡ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಜೀವಂತ ಮರದ ರೆಂಬೆ ಆ ಹಕ್ಕಿನೊಳಗೆ ಬರುವುದಿಲ್ಲ. ಬುಟ್ಟಿಗಟ್ಟಲೆ ಬೆರಿಹಣ್ಣು ತಂದರೂ ಯಾರೂ ಕೇಳರು, ಒಂದು ವಿಹ್ತಕ್ಕಾಗುವಷ್ಟು ಸೊಪ್ಪು ಮುರಿಯಲು ಮಾತ್ರ ನೆಲದ ಮಾಲೀಕರ ಅನುಮತಿ ಬೇಕು. ಹೊಸದಾಗಿ ಬಂದ ನಮ್ಮವರು ಎಡವುವುದು ಇಲ್ಲಿಯೇ. ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಹೇಗೂ ಕಡಿಯಲಿರುವ ಮರ ತೋರಿಸಿ “ಅದರಲ್ಲಿ ಬೇಕಾದಷ್ಟು ತಗೊ” ಎಂದವರೂ ಇದ್ದಾರೆ.

ಕಟ್ಟುವುದು

ಒಣಹವೆಯ ದಿನ ಕೊಯ್ಯಿರಿ. ಮಳೆಯಲ್ಲಿ ನೆಂದ ಸೊಪ್ಪನ್ನು ಕಟ್ಟಿ ತೂಗುಹಾಕಿದರೆ ನಡುವೆ ಬೂಷ್ಟು ಹಿಡಿಯುತ್ತದೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಅಂದರೆ 50 ಸೆಂಟಿಮೀಟರಿನ ಆಸುಪಾಸು ಇರುವ ರೆಂಬೆ ಸಾಕು. ಬುಡದಿಂದ ಒಂದು ಗೇಣಿನಷ್ಟು ಎಲೆ, ಕವಲು ಸವರಿ ತೆಗೆಯಿರಿ. ಹಿಡಿ ಬರುವುದು ಅಲ್ಲಿಯೇ.

ಜೋಡಿಸುವುದರಲ್ಲಿ ಒಂದು ಒಳಗುಟ್ಟಿದೆ. ಪ್ರತಿ ರೆಂಬೆಗೂ ಒಂದು ಸಹಜ ಬಾಗು ಇರುತ್ತದೆ, ಎಲೆಗೆ ಹೊಳೆಯುವ ಮೇಲ್ಮುಖ, ಮಸುಕಾದ ಅಡಿ ಇರುತ್ತದೆ. ದಪ್ಪ, ನೆಟ್ಟನೆಯ ಎರಡು ಮೂರು ರೆಂಬೆ ನಡುವಿಗೆ. ಅವುಗಳ ಸುತ್ತ ಉಳಿದವನ್ನು ಬಾಗು ಒಳಮುಖವಾಗಿ, ಎಲೆಯ ಹೊಳಪು ಹೊರಮುಖವಾಗಿ ಪದರ ಪದರವಾಗಿ ಇಡಬೇಕು. ಹೀಗಿಟ್ಟರೆ ಸೂಡಿ ತನ್ನನ್ನು ತಾನೇ ಅಪ್ಪಿಕೊಂಡಂತೆ ಕೂರುತ್ತದೆ, ಬಾಗು ಹೊರಗಾದರೆ ಹರಡಿದ ಕೊಡೆಯಂತಾಗುತ್ತದೆ. ದುಂಡಗೆ ಕಟ್ಟುವವರಿದ್ದಾರೆ, ಬೀಸಣಿಗೆಯಂತೆ ಚಪ್ಪಟೆಗೆ ಕಟ್ಟುವವರಿದ್ದಾರೆ. ಬೀಸುವುದೇ ಕೆಲಸವಾದ ಮೇಲೆ ಚಪ್ಪಟೆಯೇ ವಾಸಿ ಎಂದು ನನಗನಿಸುತ್ತದೆ. ಹಿಡಿ ಎಷ್ಟು ದಪ್ಪ ಎಂದರೆ, ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ನಡುಬೆರಳ ತುದಿ ಮುಟ್ಟಬೇಕು. ಅದಕ್ಕಿಂತ ದಪ್ಪವಾದರೆ ಐದು ನಿಮಿಷದಲ್ಲಿ ಮಣಿಕಟ್ಟು ಸೋಲುತ್ತದೆ.

ಈಗ ಕಟ್ಟುವ ಹಗ್ಗ. ನೂಲಿನ ದಾರವಾದರೂ ಆಗುತ್ತದೆ, ಅಂಗಡಿಯ ವಿಹ್ತಗಳಲ್ಲಿ ಅದನ್ನೂ ಕಾಣಬಹುದು. ಆದರೆ ಒಣಗಿದ ಮೇಲೆ ಕಡ್ಡಿಗಳು ಕುಗ್ಗಿ ದಾರ ಸಡಿಲಾಗುತ್ತದೆ. ಹಳಬರು ಬಳಸುವುದು ‘ವಿತ್ಸ’, ಬರ್ಚಿನದೇ ರೆಂಬೆಯನ್ನು ತಿರುಚಿ ಮಾಡಿದ ಕಟ್ಟುಬಳ್ಳಿ. ಅದು ಕಡ್ಡಿಗಳ ಜೊತೆಗೇ ಒಣಗಿ ತಿರುಚಿದ ರೂಪದಲ್ಲೇ ಗಟ್ಟಿಯಾಗುತ್ತದೆ.

ಅಜ್ಜಿ ವಿತ್ಸ ಮಾಡುವುದನ್ನು ಎರಡನೆಯ ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ಕೂತು ನೋಡಿದೆ. ಒಂದು ಮೀಟರಿನಷ್ಟು ಉದ್ದದ, ಬುಡದಲ್ಲಿ ಕಿರುಬೆರಳಿಗಿಂತ ತೆಳ್ಳಗಿನ, ಕವಲಿಲ್ಲದ ರೆಂಬೆ ಆರಿಸಿದರು. ಎಲೆಯನ್ನೆಲ್ಲ ಒಂದೇ ಎಳೆತಕ್ಕೆ ಸವರಿದರು. ಬುಡವನ್ನು ರಬ್ಬರ್ ಬೂಟಿನಡಿ ಮೆಟ್ಟಿ ತುದಿಯಿಂದ ತಿರುಚತೊಡಗಿದರು, ಒದ್ದೆ ಬಟ್ಟೆ ಹಿಂಡಿದ ಹಾಗೆ, ಆದರೆ ಒಂದೇ ದಿಕ್ಕಿಗೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಚಿಟ್ ಎಂದು ಸಣ್ಣ ಸದ್ದು, ತೊಗಟೆ ಓರೆಯಾಗಿ ಬಿರಿಯಿತು, ಹಸಿ ಮರದ ವಾಸನೆ ಬಂತು. ಕೈಯನ್ನು ನಾಲ್ಕು ಬೆರಳಷ್ಟು ಕೆಳಗಿಳಿಸಿ ಮತ್ತೆ ತಿರುಚಿದರು. ಬುಡಕ್ಕೆ ಬರುವ ಹೊತ್ತಿಗೆ ಕಡ್ಡಿ ಕಡ್ಡಿಯಾಗಿ ಉಳಿದಿರಲಿಲ್ಲ. ಬೆರಳಿಗೆ ಸುತ್ತಿದರೆ ಸುತ್ತಿಕೊಳ್ಳುವ ಹುರಿಯಾಗಿತ್ತು. ನಾನು ಮಾಡಿದ್ದು ಎರಡು ಸಲವೂ ಫಟ್ಟೆಂದು ಮುರಿಯಿತು. ನಾನು ಅವಸರಕ್ಕೆ ನಡುವಿನಿಂದ ತಿರುಚಿದ್ದೆ.

ಇದರ ಹಿಂದಿನ ತರ್ಕ ಸರಳ. ನೆಟ್ಟಗಿನ ಕಡ್ಡಿಯನ್ನು ಬಗ್ಗಿಸಿದರೆ ಹೊರಮೈಯ ನಾರು ಎಳೆದು ಹರಿಯುತ್ತದೆ, ಯಾಕೆಂದರೆ ನಾರುಗಳೆಲ್ಲ ಒಂದಕ್ಕೊಂದು ಬೆಸೆದಿರುತ್ತವೆ. ತಿರುಚಿದಾಗ ಆ ಬೆಸುಗೆ ಉದ್ದಕ್ಕೂ ಬಿಡುತ್ತದೆ, ನಾರು ತುಂಡಾಗುವುದಿಲ್ಲ. ಆಮೇಲೆ ಬಗ್ಗಿಸಿದರೆ ನಾರುಗಳು ಒಂದರ ಪಕ್ಕ ಒಂದು ಜಾರಿ ದಾರಿ ಬಿಡುತ್ತವೆ. ಮಲೆನಾಡಿನಲ್ಲಿ ಸೌದೆ ಹೊರೆ ಕಟ್ಟುವವರು ಹಸಿ ಬಳ್ಳಿಯನ್ನು ಕಲ್ಲಿಗೆ ತಿಕ್ಕಿಯೋ ತಿರುಚಿಯೋ ಮೆತ್ತಗೆ ಮಾಡಿಕೊಳ್ಳುವುದನ್ನು ನೋಡಿದವರಿಗೆ ಇದು ಹೊಸತಲ್ಲ.

ಕಟ್ಟುವ ಒಂದು ರೀತಿ ಹೀಗೆ. ವಿತ್ಸದ ಬುಡವನ್ನು ಚೂರಿಯಲ್ಲಿ ಓರೆಯಾಗಿ ಸೀಳಿ ಚೂಪು ಮಾಡಿ, ಎಲೆ ಶುರುವಾಗುವ ಜಾಗಕ್ಕೆ ಎರಡು ಬೆರಳು ಕೆಳಗೆ, ಕಡ್ಡಿಗಳ ನಡುವೆ ಅಡ್ಡ ಚುಚ್ಚಿ. ಉಳಿದ ಉದ್ದವನ್ನು ಮಂಡಿಯಡಿ ಸೂಡಿಯನ್ನು ಒತ್ತಿಹಿಡಿದು ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ. ಪ್ರತಿ ಸುತ್ತೂ ಹಿಂದಿನದರ ಪಕ್ಕದಲ್ಲೇ ಬರಲಿ. ತುದಿಯನ್ನು ಸುತ್ತುಗಳ ಅಡಿ ತೂರಿಸಿ ಎಳೆದುಬಿಟ್ಟರೆ ಗಂಟಿನ ಅಗತ್ಯವೇ ಇಲ್ಲ, ಬಿಗಿತವೇ ಅದನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಹಿಡಿಯ ಬುಡವನ್ನು ಮರದ ದಿಮ್ಮಿಯ ಮೇಲಿಟ್ಟು ಕೊಡಲಿಯಲ್ಲಿ ಒಂದೇ ಏಟಿಗೆ ಸಮ ಮಾಡಿ. ಚೂಪು ಕಡ್ಡಿ ಏನಾದರೂ ಎದ್ದಿದ್ದರೆ ಈಗಲೇ ಕೆತ್ತಿ, ಬತ್ತಲೆ ಮೈಗೆ ಬರುವ ವಸ್ತು ಇದು.

ಉಳಿಸಿಕೊಳ್ಳುವ ಹಳೆಯ ದಾರಿ, ಎರಡೆರಡನ್ನು ಜೋಡಿಸಿ ಗಾಳಿಯಾಡುವ ಕತ್ತಲೆ ಅಟ್ಟದಲ್ಲಿ ಕೋಲಿಗೆ ತೂಗುಹಾಕುವುದು. ಬಿಸಿಲಿಗೆ ಇಟ್ಟರೆ ಹಸಿರು ಹೋಗಿ ಕಂದಾಗುತ್ತದೆ, ಪರಿಮಳವೂ ಹೋಗುತ್ತದೆ. ಉಪ್ಪು ಹಾಕಿ ಇಡುವ ಕ್ರಮವೂ ಇತ್ತು. ಈಗಿನವರ ದಾರಿ ಫ್ರೀಜರ್. ಕಟ್ಟಿದ ದಿನವೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟರೆ ಜನವರಿಯ ಮೈನಸ್ ಇಪ್ಪತ್ತರ ರಾತ್ರಿಯಲ್ಲೂ ಜೂನ್ ತಿಂಗಳ ವಾಸನೆ ಬರುತ್ತದೆ. ಇಲ್ಲಿನ ಸ್ನೇಹಿತರ ಮನೆಯಲ್ಲಿ ಐಸ್‌ಕ್ರೀಮ್ ಹುಡುಕಲು ಹೋಗಿ ಸೊಪ್ಪಿನ ಕಟ್ಟು ಕೈಗೆ ಬಂದರೆ ಗಾಬರಿಯಾಗಬೇಡಿ.

ಒಣಗಿದ್ದನ್ನು ಕೊಡವಬಾರದು, ಹಪ್ಪಳದಂತೆ ಪುಡಿಯಾಗುತ್ತದೆ. ಹಾಗೇ ಬಿಸಿನೀರಿನ ಬಕೆಟಿನಲ್ಲಿ ಕಾಲು ಗಂಟೆ ನೆನೆಸಿದರೆ ಎಲೆ ನೀರು ಕುಡಿದು ಬಿಚ್ಚಿಕೊಳ್ಳುತ್ತದೆ. ಹಸಿಯದಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಅದ್ದು ಸಾಕು. ನೆನೆಸಿದ ನೀರನ್ನೇ ಕಲ್ಲಿಗೆ ಹಾಕಿದರೆ ಕೋಣೆ ಘಮ್ಮೆನ್ನುತ್ತದೆ, ಆದರೆ ಎಲೆಚೂರು ಸೇರಿದರೆ ಕಲ್ಲಿನ ಮೇಲೆ ಸುಟ್ಟು ಕಮಟು ಹೊಡೆಯುತ್ತದೆ, ಸೋಸಿ ಹಾಕಿ. ಅಪಾರ್ಟ್‌ಮೆಂಟಿನ ಸಾಮೂಹಿಕ ಸೌನಾ, ಈಜುಕೊಳದ ಸೌನಾಗಳಲ್ಲಿ ‘ವಿಹ್ತ ತರಬೇಡಿ’ ಎಂಬ ಬೋರ್ಡು ಸಾಮಾನ್ಯ. ಉದುರಿದ ಎಲೆ ಮೋರಿ ಕಟ್ಟಿಸುತ್ತದೆ. ನನ್ನಂಥವರು ಆಗಸ್ಟಿನಲ್ಲಿ ಕಟ್ಟಿದ್ದರಿಂದಲೇ ಆ ಬೋರ್ಡು ಬಂದಿರಬೇಕು.

ಬರ್ಚ್ ಇಲ್ಲದ ಕಡೆ

ತೊಟ್ಟಿನ ಲೆಕ್ಕ ಕೈಗೆ ಬಂದರೆ ಬೇರೆ ಮರಗಳೂ ಕಣ್ಣಿಗೆ ಬೀಳತೊಡಗುತ್ತವೆ. ಬಾಲ್ಟಿಕ್ ತೀರದ ಉದ್ದಕ್ಕೂ ಇದೇ ಪದ್ಧತಿಯಿದೆ. ಎಸ್ಟೋನಿಯಾದಲ್ಲಿ ಇದು ‘ವಿಹ್ತ್’, ಅಲ್ಲಿನ ವೊರುಮಾ ಪ್ರದೇಶದ ಹೊಗೆ ಸೌನಾ (ಚಿಮಣಿಯಿಲ್ಲದ ಒಲೆಯದು) 2014ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದೆ. ಅಲ್ಲೂ ರಷ್ಯಾದಲ್ಲೂ ಓಕ್ ಮರದ ಸೂಡಿಗೆ ಬಹಳ ಮರ್ಯಾದೆ. ಓಕ್ ಎಲೆ ಅಗಲ, ತೊಗಲಿನಂತೆ ದಪ್ಪ, ಹೆಚ್ಚು ಗಾಳಿ ತಳ್ಳುತ್ತದೆ, ಬರ್ಚಿಗಿಂತ ಹೆಚ್ಚು ಸಲ ಬಳಸಬಹುದು. ಲಿಂಡೆನ್ ಎಲೆ ಮೆತ್ತಗೆ, ಬೇಗ ಸೋಲುತ್ತದೆ. ಜೂನಿಪರ್ ಮುಳ್ಳಿನದು. ಅದನ್ನು ಬಿಸಿನೀರಲ್ಲಿ ಚೆನ್ನಾಗಿ ನೆನೆಸಿ ಮೆತ್ತಗಾದ ಮೇಲೇ ಮುಟ್ಟಬೇಕು, ಆಗಲೂ ಮೊದಲ ಸಲ ಯಾರೂ ನಗುವುದಿಲ್ಲ. ಅಮೆರಿಕದ ಮಿನ್ನೆಸೋಟ, ಮಿಶಿಗನ್‌ಗೆ ವಲಸೆಹೋದ ಫಿನ್ನರು ಅಲ್ಲಿನ ಸೀಡರ್ ರೆಂಬೆಗಳನ್ನೂ ಕಟ್ಟಿಕೊಂಡರು.

ರಷ್ಯಾದ ಸ್ನಾನದ ಮನೆಗಳಲ್ಲಿ ನೀಲಗಿರಿ ಸೊಪ್ಪಿನ ಸೂಡಿಯೂ ಓಡುತ್ತದೆ ಎಂದು ತಿಳಿದಾಗ ನನಗೆ ನಗು ಬಂತು. ನೆಗಡಿಯಾದರೆ ನೀಲಗಿರಿ ಎಲೆ ಕುದಿಸಿ ಕಂಬಳಿ ಹೊದ್ದು ಹಬೆ ತೆಗೆದುಕೊಂಡವರು ನಾವು. ಅವರು ಅದನ್ನೇ ಇಡೀ ಮೈಗೆ ಹಿಗ್ಗಿಸಿಕೊಂಡಿದ್ದಾರೆ. ನೀಲಗಿರಿ ಕಡ್ಡಿ ಬಳುಕುತ್ತದೆ, ಎಲೆ ನಯ, ಆದರೆ ತೊಟ್ಟು ನೇತಾಡುವುದರಿಂದ ಸೂಡಿ ಜಾಳುಜಾಳು. ಅದಕ್ಕೇ ಬರ್ಚ್ ಅಥವಾ ಓಕ್ ರೆಂಬೆಗಳ ಜೊತೆ ಬೆರೆಸಿ ಕಟ್ಟುವುದುಂಟು.

ಊರಿಗೆ ಹೋದಾಗ ಅಕ್ಕ ಕೇಳಿದಳು, “ಬೇವಿನ ಸೊಪ್ಪಲ್ಲಿ ಕಟ್ಟಬಾರದೇನೊ?” ಸಿಡುಬು, ಅಮ್ಮ ಎಂದಾಗಲೆಲ್ಲ ಬೇವಿನ ನೀರಲ್ಲೇ ಮಿಂದ ಮನೆ ನಮ್ಮದು, ಪ್ರಶ್ನೆ ಸಹಜವೇ. ಹಸಿಯಾಗಿ ಒಂದು ಸಲಕ್ಕಾದರೆ ಆದೀತು. ಒಣಗಿಸಿ ಇಡುತ್ತೇನೆಂದರೆ ಬೇವು ಕೈಕೊಡುತ್ತದೆ. ಯುಗಾದಿಯ ತೋರಣದ ಬೇವು ನಾಲ್ಕೇ ದಿನಕ್ಕೆ ಹೊಸ್ತಿಲ ತುಂಬ ಉದುರಿರುತ್ತದೆ, ಪಕ್ಕದ ಮಾವಿನೆಲೆ ಹಾಗೇ ಇರುತ್ತದೆ. ಬೇವಿನದು ಒಂದು ದಂಟಿಗೆ ಹಲವು ಕಿರುಎಲೆ, ಪ್ರತಿಯೊಂದಕ್ಕೂ ಬೇರೆ ಕೀಲು, ಅದು ಒಣಗಿದೊಡನೆ ಕಳಚುತ್ತದೆ. ಹಾಲು ಸುರಿಸುವ ಎಕ್ಕ, ವಿಷದ ಕಣಗಿಲೆ, ಸೊನೆ ತಾಗಿದರೆ ಬೊಬ್ಬೆಯೇಳುವ ಗೇರಿನ ಜಾತಿ ಇವುಗಳ ಹತ್ತಿರವೂ ಹೋಗಬೇಡಿ. ಬಿಸಿ ಹಬೆಯಲ್ಲಿ ಚರ್ಮ ಬೆವರಿ ಮೆತ್ತಗಾಗಿ ಕೂತಿರುವ ಹೊತ್ತದು. ಗೊತ್ತಿಲ್ಲದ ಮರವಾದರೆ ಒಂದು ಎಲೆಯನ್ನು ಮುಂಗೈ ಒಳಭಾಗಕ್ಕೆ ಉಜ್ಜಿ ಒಂದು ದಿನ ಕಾಯುವುದು ಫಿನ್ಲೆಂಡಿನಲ್ಲೂ ಒಳ್ಳೆಯದೇ, ಬರ್ಚ್ ಒಗ್ಗದ ಜನ ಅಲ್ಲೂ ಇದ್ದಾರೆ.

ಕಳೆದ ಯುಹನ್ನುಸ್ ಸಂಜೆ ನನ್ನ ಆರನೆಯ ವಿಹ್ತವನ್ನು ಅಜ್ಜಿಯ ಕೈಗೆ ಕೊಟ್ಟೆ. ಹಿಂದೆ ಆ ರಾತ್ರಿ ಹುಡುಗಿಯರು ಮಿಂದಾದ ಮೇಲೆ ವಿಹ್ತವನ್ನು ಸೌನಾದ ಸೂರಿನ ಮೇಲಕ್ಕೆ ಎಸೆಯುತ್ತಿದ್ದರಂತೆ. ಹಿಡಿ ಯಾವ ಕಡೆ ತಿರುಗಿ ಬಿತ್ತೋ ಆ ದಿಕ್ಕಿನಿಂದ ಗಂಡು ಬರುತ್ತಾನೆಂದು ನಂಬಿಕೆ. ತಾವೂ ಎಸೆದದ್ದುಂಟು ಎಂದರು ಅಜ್ಜಿ. ಆಮೇಲೆ ನನ್ನ ಸೂಡಿಯನ್ನು ತಿರುಗಿಸಿ ನೋಡಿ, ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಬರಲಿಲ್ಲ. ಇನ್ನೊಂದನ್ನು ಎಳೆದರು. ಅದೂ ಬರಲಿಲ್ಲ. ಏನೂ ಹೇಳದೆ ಅದನ್ನು ಬಕೆಟಿಗೆ ಇಳಿಬಿಟ್ಟು, ಒಲೆಗೆ ಇನ್ನೆರಡು ಸೌದೆ ತುರುಕಲು ಒಳಗೆ ಹೋದರು.